ಗುಂಡಣ್ಣನ ಅಕ್ಷರ

ನನ್ನ ಮಾವ, ಅಂದರೆ ನನ್ನ ಗಂಡನ ಅಪ್ಪ, ಬೋರ್ಡು ಬರೆಯುವವರು. ಅವರ ಕೈಗೆ ಮೂಲೆ ಎನ್ನುವುದೇ ಗೊತ್ತಿರಲಿಲ್ಲ. ಯಾವ ಅಕ್ಷರ ಬರೆದರೂ ಹಾಲು ಕುಡಿದು ಮಲಗಿದ ಮಗುವಿನ ಹಾಗೆ ಕೆನ್ನೆ, ಹೊಟ್ಟೆ ತುಂಬಿಕೊಂಡು ಕೂರುತ್ತಿತ್ತು. ಬೀದಿಯವರು ಅವರನ್ನು ಗುಂಡಣ್ಣ ಎನ್ನುತ್ತಿದ್ದರು. ಆಸಾಮಿ ಮಾತ್ರ ಕಡ್ಡಿ.

ಆಟಿಕೆ ಅಂಗಡಿ, ಬಲೂನು ಗಾಡಿ, ಐಸ್‌ಕ್ರೀಮ್ ಡಬ್ಬಿ, ಮಕ್ಕಳ ಆಸ್ಪತ್ರೆಯ ಗೋಡೆ, ಎಲ್ಲ ಕಡೆ ಅವರದೇ ಅಕ್ಷರ. ವಕೀಲರೊಬ್ಬರೂ ಆಸೆಪಟ್ಟು ಬರೆಸಿಕೊಂಡರು. ಬಂದವರೆಲ್ಲ ನಗುತ್ತಲೇ ಒಳಗೆ ಬರುತ್ತಾರೆಂದು ಮುನಿಸಿಕೊಂಡು ಅಳಿಸಿಬಿಟ್ಟರು. "ಮಿಠಾಯಿ" ಬರೆಯುವ ಕೆಲಸ ಬಂದರೆ ಮಾವನ ಖುಷಿ ಹೇಳತೀರದು. ಠ ಎಂದರೆ ಅವರಿಗೆ ಪ್ರಾಣ. ಕನಸಿನಲ್ಲೂ ಅದು ಮೋಡಗಳ ನಡುವೆ ಮೆಲ್ಲಗೆ ಉರುಳುತ್ತಿರುತ್ತದಂತೆ.

ಬರೆಯುವ ಮುಂಚೆ ಹಿತ್ತಲಿನ ಶೆಡ್ಡಿನಲ್ಲಿ ಹಲಗೆಯ ಮುಂದೆ ಕಣ್ಣು ಮುಚ್ಚಿ ನಿಲ್ಲುವರು. ಬೀದಿಯ ಸದ್ದೆಲ್ಲ ದೂರ ಸರಿದು ಬಣ್ಣದ ವಾಸನೆಯೊಂದೇ ಉಳಿಯುವುದು.

"ಏನ್ ಮಾವ, ನಿಂತಲ್ಲೇ ನಿದ್ದೆನಾ?"

"ಸುಮ್ನಿರಮ್ಮ, ಅಕ್ಷರ ಉಬ್ತಾ ಇದೆ. ಪೂರ್ತಿ ಉಬ್ಬಲಿ, ಆಮೇಲೆ ಸುತ್ತ ಗೆರೆ ಎಳೆದ್ರಾಯ್ತು."

ಕೊನೆಗೆ ಪ್ರತಿ ಅಕ್ಷರದ ಹೆಗಲಿಗೆ ಒಂದು ಬಿಳಿ ಮಿಂಚು, ಹೊಳಪು ತೋರಿಸುವ ಪುಟ್ಟ ಗೆರೆ. ಅದು ಬಿದ್ದೊಡನೆ ಅಕ್ಷರ ಹಲಗೆ ಬಿಟ್ಟು ಇತ್ತ ತೇಲಿ ಬಂದಂತೆ ಅನಿಸುತ್ತಿತ್ತು. ಕೈಯಲ್ಲಿ ಸೌಟು ಹಿಡಿದುಕೊಂಡೇ ನಾನು ಮೈಮರೆತು ನಿಂತದ್ದುಂಟು.

ಹಿಂದಿನ ಬೀದಿಯಲ್ಲಿ ಕಟ್ಟಡಕ್ಕೆಂದು ತೋಡಿದ ಗುಂಡಿಯಲ್ಲಿ ಆಳುದ್ದ ನೀರು ನಿಂತಿತ್ತು. ಅಲ್ಲಿನ ಮೇಸ್ತ್ರಿ ಬಂದು "ಅಪಾಯ, ಹತ್ತಿರ ಬರಬೇಡಿ" ಎಂದು ಬರೆಸಿಕೊಂಡು ಹೋದ. ಮಾವ ಎಂದಿನಂತೆಯೇ ಬರೆದರು: ಕೆಂಪು ಬಣ್ಣ, ಉಬ್ಬಿದ ಹೊಟ್ಟೆ, ಹೆಗಲ ಮೇಲೆ ಮಿಂಚು. ನನಗೂ ಏನೂ ಹೊಳೆಯಲಿಲ್ಲ. ಚೆನ್ನಾಗಿದೆ ಎಂದೆ.

ಆ ಸಂಜೆ ಮಗಳು ಕಾಣಲಿಲ್ಲ. ಅವಳಿಗಿನ್ನೂ ಓದಲು ಬಾರದು. ಹುಡುಕಿಕೊಂಡು ಹೋದರೆ, ಬೀದಿಯ ಚಿಳ್ಳೆಪಿಳ್ಳೆಗಳೆಲ್ಲ ಆ ಬೋರ್ಡಿನ ಸುತ್ತ! ನನ್ನವಳು ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಅಕ್ಷರದ ಹೊಟ್ಟೆ ಸವರುತ್ತಿದ್ದಳು.

"ಅಮ್ಮಾ, ಇಲ್ಲಿ ಆಟದಂಗಡಿ ಬರುತ್ತೆ! ತಾತ ಬರ್ದಿದಾರೆ, ನೋಡು!"

ರಟ್ಟೆ ಹಿಡಿದು ಎಳೆದುಕೊಂಡು ಬಂದವಳೇ ಮಾವನ ಮೇಲೆ ಹರಿಹಾಯ್ದೆ.

"ನಿಮ್ಮ ಅಕ್ಷರ ಬಾ ಬಾ ಅಂತ ಕರೆಯುತ್ತೆ ಮಾವ! ದೂರ ಹೋಗು ಅನ್ನೋದು ಅದಕ್ಕೆ ಗೊತ್ತೇ ಇಲ್ಲ!"

ಮಾವ ಆಗಲೇ ಹೋಗಿ, ಮೇಸ್ತ್ರಿಗೆ ಹೇಳಿ ಗುಂಡಿಗೆ ಅಡ್ಡ ಹಗ್ಗ ಕಟ್ಟಿಸಿ, ಬೋರ್ಡು ಕಿತ್ತು ತಂದರು.

ಬೆಳಿಗ್ಗೆ ಶೆಡ್ಡಿನಲ್ಲಿ ಅವರು ಕಣ್ಣು ಮುಚ್ಚಲಿಲ್ಲ. ಕಬ್ಬಿಣದ ಪಟ್ಟಿ ಇಟ್ಟು ಕಪ್ಪು ಗೆರೆ ಎಳೆದರು. ಕೈ ಹಟ ಹಿಡಿದು ದುಂಡಗಾಗುತ್ತಿತ್ತು. ಒರೆಸಿ ಮತ್ತೆ ಎಳೆದರು. ಕಡೆಗೂ ಮೂಡಿದವು ಮೊಳೆಯಂಥ ಸೊರಗಿದ, ಚೂಪು ಅಕ್ಷರಗಳು. ಮಿಂಚು ಇಡಲಿಲ್ಲ. ನೋಡಿ ನನಗೇ ಅಯ್ಯೋ ಅನಿಸಿತು.

ಸಂಜೆ ಮೊಮ್ಮಗಳ ಕೈ ಹಿಡಿದು ತಾವೇ ಅಲ್ಲಿಗೆ ಕರೆದುಕೊಂಡು ಹೋದರು. ನಾನೂ ಹಿಂದೆಯೇ ಹೋದೆ. ಹೊಸ ಬೋರ್ಡು ಕಂಡೊಡನೆ ಅವಳು ದೂರದಲ್ಲೇ ನಿಂತು, ತಾತನ ಕಾಲಿನ ಹಿಂದೆ ಸೇರಿಕೊಂಡಳು.

"ಥೂ, ಇದನ್ಯಾರು ತಾತ ಬರ್ದಿದ್ದು? ಕೆಟ್ಟೋರಾ?"

ಮಾವ ಕಪ್ಪು ಬಣ್ಣ ಮೆತ್ತಿದ್ದ ಬೆರಳುಗಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡರು.

"ಯಾರೋ ಗೊತ್ತಿಲ್ಲ ಪುಟ್ಟಿ," ಎಂದರು. "ನಡಿ, ಮನೆಗೆ ಹೋಗೋಣ."