ಗಿರಣಿ ಗೋಡೆಯ ಪರಸಿ

ಕರಜಗಿಯಲ್ಲಿ ಶಾಂತಲಿಂಗಪ್ಪನ ಹಿಟ್ಟಿನ ಗಿರಣಿಯ ಹೊರಗೋಡೆಗೆ ಒಂದು ಕರಿ ಶಹಾಬಾದ್ ಕಲ್ಲಿನ ಚಪ್ಪಡಿ, ಪರಸಿ, ಕೂಡಿಸಿತ್ತು. ಅದರ ನೇರ ಎದುರಿಗೆ ಅವನ ಮನೆಯ ಬಾಗಿಲು. ಬೇರೆ ಊರುಗಳಲ್ಲಿ ಇಂಥ ಹಲಗೆಯ ಮೇಲೆ ದಿನಕ್ಕೊಂದು ವಚನ ಬರೆಯುತ್ತಾರೆ. ಶಾಂತಲಿಂಗಪ್ಪ ತನ್ನ ದಿನವನ್ನೇ ಬರೆಯುತ್ತಿದ್ದ. ಮದುವೆಯಾದ ಹೊಸತರಲ್ಲಿ ವಿಷಮಜ್ವರ ಬಂದು ಹೆಂಡತಿ ಶಾರದಾಬಾಯಿಯ ಎರಡೂ ಕಿವಿ ಹೋಗಿದ್ದವು. ಅವಳು ನಾಲ್ಕನೇ ಇಯತ್ತೆಯವರೆಗೆ ಕಲಿತವಳು. ಆದ್ದರಿಂದ ಗಂಡ ಹೇಳಬೇಕಾದದ್ದೆಲ್ಲ ಪರಸಿಯ ಮೇಲೆ ಬರುತ್ತಿತ್ತು.

ಹೇಳುವಾಗ ಮಾತ್ರ ಅವಳು ಬಾಯಿಂದಲೇ ಹೇಳುತ್ತಿದ್ದಳು. ತನ್ನ ದನಿ ತನಗೆ ಕೇಳದ ಕಾರಣ ಅದು ಗಿರಣಿಯ ಸದ್ದನ್ನೂ ದಾಟುತ್ತಿತ್ತು.

‘ಇಂದು ಬದನೆಕಾಯಿ ಪಲ್ಯಕ್ಕೆ ಉಪ್ಪು ಹೆಚ್ಚು’ ಎಂದು ಒಮ್ಮೆ ಬರೆದಿದ್ದ.

“ಹಂಗಾದ್ರ ನಾಳಿಂದ ನೀವ ಮಾಡ್ರಿ! ಗಿರಣಿ ನಾ ನಡಸ್ತೇನಿ!” ಎಂದು ಬಾಗಿಲಿನಿಂದ ಕೂಗಿದಳು.

ಜೋಳದ ಬುಟ್ಟಿ ಇಟ್ಟುಕೊಂಡು ಪಾಳಿಗೆ ಕುಳಿತ ಹೆಂಗಸರೆಲ್ಲ ನಕ್ಕರು. ಪರಸಿಯ ಬರಹಕ್ಕಿಂತ ಈ ಉತ್ತರ ಕೇಳಲಿಕ್ಕೇ ಅವರು ಬೀಸಿದ ಹಿಟ್ಟು ಹೊತ್ತುಕೊಂಡು ಇನ್ನಷ್ಟು ಹೊತ್ತು ನಿಲ್ಲುತ್ತಿದ್ದರು.

ಎಂಬತ್ನಾಲ್ಕನೇ ಇಸವಿಯಲ್ಲಿ ಊರ ಹೊರಗೆ ಬಸ್‌ಸ್ಟ್ಯಾಂಡ್ ಆಯಿತು. ಅಲ್ಲಿ ಚಹಾದಂಗಡಿ ಇಟ್ಟಿದ್ದ ದೌಲತರಾಯ ಗೋಡೆಗೆ ಗಿಲಾವು ಮಾಡಿಸಿ, ಕಪ್ಪು ಬಳಿಸಿ, ಗಿರಣಿಗೆ ಬಂದ.

“ಶಾಂತಲಿಂಗಣ್ಣಾ, ಇಲ್ಲಿ ಹಿಟ್ಟಿಗಿ ಬಂದ ನಾಕ್ ಮಂದಿ ಓದ್ತಾರ. ಅಲ್ಲಿ ಬರದ್ರ ಅಫಜಲಪುರದ ಮಂದಿ ಓದ್ತದ. ನಿನ್ನ ಬದನಿಕಾಯಿ ತಾಲೂಕಿಗೇ ಗೊತ್ತಾಗ್ತದ ನೋಡು!”

ಶಾಂತಲಿಂಗಪ್ಪನಿಗೆ ಆಸೆಯಾಯಿತು. ಆದರೂ ಒಂದು ವಾರ ತೂಗಿ ನೋಡಿದ. ಕೊನೆಗೆ ಪರಸಿಯ ಮೇಲೆ ಹೆಂಡತಿಯನ್ನೇ ಕೇಳಿದ: ‘ಬರೆಯುವುದನ್ನು ಬಸ್‌ಸ್ಟ್ಯಾಂಡಿಗೆ ಒಯ್ಯಲೇ?’

ಶಾರದಾಬಾಯಿ ಓದಿದಳು. ಗಿರಣಿಯ ಮುಂದೆ ನಿಂತವರೆಲ್ಲ ಅವಳ ಬಾಯಿಯನ್ನೇ ನೋಡುತ್ತಿದ್ದರು. ಗಂಡನ ಮುಖದಲ್ಲಿ ಆಸೆ ಕಾಣುತ್ತಿತ್ತು.

“ಒಯ್ರಿ,” ಎಂದಳು.

ಅಂದಿನಿಂದ ಪರಸಿ ಖಾಲಿಯಾಯಿತು. ದಿನಾ ಬೆಳಿಗ್ಗೆ ಅವಳು ಬಸ್‌ಸ್ಟ್ಯಾಂಡಿನ ಮುಂದಿನಿಂದಲೇ ನೀರಿಗೆ ಹೋಗುತ್ತಿದ್ದಳು; ಹೋಗುವಾಗ ಓದುತ್ತಾಳೆ ಎಂದು ಶಾಂತಲಿಂಗಪ್ಪ ತಿಳಿದಿದ್ದ. ಅಲ್ಲಿ ಗಂಡಸರು ಕಟ್ಟೆಯುದ್ದಕ್ಕೂ ಕುಳಿತು ಬೀಡಿ ಸೇದುತ್ತಿರುತ್ತಿದ್ದರು. ಅವಳು ಸೆರಗು ಮುಂದೆಳೆದುಕೊಂಡು, ತಲೆ ಎತ್ತದೆ ದಾಟುತ್ತಿದ್ದಳು. ಉತ್ತರ ಬರುವುದು ನಿಂತಿತ್ತು. ಗೋಡೆ ಮನೆಯಿಂದ ದೂರವಾಯಿತಲ್ಲ, ಅದಕ್ಕೆ, ಎಂದುಕೊಂಡಿದ್ದ.

ಸುಗ್ಗಿಯ ದಿನಗಳಲ್ಲಿ ಒಂದು ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. ಕಡಗಂಚಿಯಲ್ಲಿ ಶಾರದಾಬಾಯಿಯ ಅಕ್ಕ ಶಿವಕಾಂತಾ ರಾತ್ರಿ ತೀರಿಕೊಂಡಿದ್ದಳು. ಅವಳನ್ನು ಮಣ್ಣು ಮಾಡುವುದು ಅದೇ ದಿನ. ಅಫಜಲಪುರದಿಂದ ಜೀಪು ತಂದರೆ ಹೊತ್ತಿಗೆ ಮುಟ್ಟಬಹುದಿತ್ತು. ಬಸ್ಸು ಹೊರಡುವುದರಲ್ಲಿತ್ತು. ಶಾಂತಲಿಂಗಪ್ಪ ಗೋಡೆ ಒರೆಸಿ ದೊಡ್ಡ ಅಕ್ಷರದಲ್ಲಿ ಬರೆದ: ‘ಶಾರದಾ, ಶಿವಕಾಂತಕ್ಕ ಹೋದಳು. ಸಜ್ಜಾಗಿರು, ಜೀಪು ತರುತ್ತೇನೆ.’ ಅವನು ಹತ್ತಿದ ಬಸ್ಸು ತಿರುವಿನಲ್ಲಿ ಹೊರಳಿದಾಗ, ಕೊಡ ಹೊತ್ತ ಹೆಂಡತಿ ಬಸ್‌ಸ್ಟ್ಯಾಂಡಿನತ್ತ ಬರುತ್ತಿರುವುದು ಕಿಟಕಿಯಿಂದ ಕಂಡಿತು. ಅವನಿಗೆ ಸಮಾಧಾನವಾಯಿತು.

ಅವಳು ನೀರು ತಂದಿಟ್ಟು, ಬುತ್ತಿ ಕಟ್ಟಿಕೊಂಡು, ಮನೆಗೆ ಕೀಲಿ ಹಾಕಿ ಹೊಲಕ್ಕೆ ಹೋದಳು.

ಸುದ್ದಿ ಗೋಡೆಯಿಂದ ಊರಿಗೆ ಹರಡಿತು. ಮಾತಾಡಿಸಲು ಬಂದ ಹೆಂಗಸರು ಕೀಲಿ ನೋಡಿ ಹಿಂದಿರುಗಿದರು. ಮಧ್ಯಾಹ್ನ ಜೀಪು ಬಂದು ನಿಂತಾಗ ದೌಲತರಾಯ, “ಶಾರದಾಬಾಯಿ ಆಗಳೇ ಹೋಗ್ಯಾಳಂತ ಅಣ್ಣಾ, ಮನಿ ಕೀಲಿ ಹಾಕ್ಯಾದ,” ಎಂದ. ಯಾವುದೋ ಬಸ್ಸು ಹಿಡಿದಿರಬೇಕು ಎಂದುಕೊಂಡು ಶಾಂತಲಿಂಗಪ್ಪ ಒಬ್ಬನೇ ಕಡಗಂಚಿಗೆ ಹೋದ. ಅಲ್ಲಿ ಎಲ್ಲರೂ ಅವನ ಬೆನ್ನ ಹಿಂದೆ ನೋಡಿ, “ಶಾರದಾ ಎಲ್ಲಿ?” ಎಂದು ಕೇಳಿದರು. ಕಾಯುವಷ್ಟು ಕಾದು, ಹೊತ್ತು ಮುಳುಗುವ ಮೊದಲು ಮಣ್ಣು ಕೊಟ್ಟರು.

ಅದೇ ಹೊತ್ತಿಗೆ ಶಾರದಾಬಾಯಿ ಕಡಲೆಸೊಪ್ಪಿನ ಗಂಟು ಕಂಕುಳಲ್ಲಿ ಹಿಡಿದು ಮನೆಗೆ ಬಂದಳು. ಎದುರಾದ ನೆರೆಮನೆಯ ಖಾಸೀಂಬಿ, “ಯಾ ಅಲ್ಲಾ! ನೀ ಹೋಗಿಲ್ಲೇನ್ ಬೇ?” ಎಂದು ಎದೆ ಬಡಿದುಕೊಂಡಳು. ಹೇಗೆ ತಿಳಿಸಬೇಕೋ ತಿಳಿಯದೆ, ಕೈ ಹಿಡಿದು ಬಸ್‌ಸ್ಟ್ಯಾಂಡಿಗೆ ಕರೆದೊಯ್ದು ಗೋಡೆ ತೋರಿಸಿದಳು. ಕಟ್ಟೆಯ ಗಂಡಸರು ಎದ್ದು ನಿಂತರು. ಶಾರದಾಬಾಯಿ ಅಲ್ಲಿ ತಲೆ ಎತ್ತಿ ಓದಿದ್ದು ಅದೇ ಮೊದಲು. ಸೊಪ್ಪಿನ ಗಂಟು ಇನ್ನೂ ಕಂಕುಳಲ್ಲಿತ್ತು.

ಮರುದಿನ ಗಂಡ ಬಂದಾಗ ಅವಳು ಒಂದೇ ಮಾತು ಕೇಳಿದಳು. “ಅಷ್ಟು ಗಂಡಸರ ಮುಂದ ನಿಂತು ನಾ ಓದಾಕಿ ಅಂತ ಹ್ಯಾಂಗ ತಿಳ್ಕೊಂಡ್ರಿ?”

ಶಾಂತಲಿಂಗಪ್ಪ ಬಸ್‌ಸ್ಟ್ಯಾಂಡಿನ ಗೋಡೆಯನ್ನು ತಾನೇ ತೊಳೆದ. ದೌಲತರಾಯ ಬಕೆಟ್ಟಿನಲ್ಲಿ ನೀರು ತಂದುಕೊಟ್ಟ. ಮತ್ತೆ ಪರಸಿಯ ಮೇಲೆ ಬರಹ ಶುರುವಾಯಿತು. ಮೊದಲ ದಿನ ‘ತಪ್ಪಾಯಿತು’ ಎಂದಷ್ಟೇ ಇತ್ತು. ಆಮೇಲೆ ಮೊದಲಿನಂತೆ ಗಿರಣಿಯ ಬೆಲ್ಟ್ ಹರಿದದ್ದು, ಎಮ್ಮೆ ಕರು ಹಾಕಿದ್ದು. ಪಲ್ಯಕ್ಕೆ ಉಪ್ಪು ಹೆಚ್ಚೆಂದು ಬೇಕೆಂದೇ ಒಮ್ಮೆ ಬರೆದ. ಅಂದು ಉಪ್ಪು ಸರಿಯಾಗಿಯೇ ಇತ್ತು.

ಪಾಳಿಯ ಹೆಂಗಸರು ಬಾಗಿಲಿನತ್ತ ಹೊರಳಿ ಕಾದರು. ಶಾರದಾಬಾಯಿ ಹೊಸ್ತಿಲಿಗೆ ಬಂದು, ಪೂರ್ತಿ ಓದಿ, ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ರೊಟ್ಟಿ ಬಡಿಯುವ ಸದ್ದು ಕೇಳಿತು. ಶಾಂತಲಿಂಗಪ್ಪ ಇನ್ನೇನಾದರೂ ಕೇಳೀತೆಂದು ಗಿರಣಿ ನಿಲ್ಲಿಸಿ ನಿಂತಿದ್ದ.