ಬದನೇಕಾಯಿ ಮನೆತನದವಳು

ನಮ್ಮ ಮನೆತನದ ಅಡ್ಡಹೆಸರು ಬದನೇಕಾಯಿ. ಮುತ್ತಜ್ಜ ಶಿಕಾರಿಪುರದ ಸಂತೆಯಲ್ಲಿ ಬದನೇಕಾಯಿ ಮಾರುತ್ತಿದ್ದನಂತೆ. ಊರವರು ಕರೆದದ್ದೇ ಹೆಸರಾಗಿ, ಪಹಣಿಯಿಂದ ಹಿಡಿದು ಶಾಲೆಯ ದಾಖಲೆಯವರೆಗೆ ಎಲ್ಲ ಕಡೆ ಸೇರಿಕೊಂಡಿತು. ಅಪ್ಪನಿಗೆ ಅದರ ಬಗ್ಗೆ ಹೆಮ್ಮೆ. ಕಿರಾಣಿ ಅಂಗಡಿಯ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಹೊಸಬರು ಬೋರ್ಡು ನೋಡಿ ಬದನೇಕಾಯಿ ಕೇಳಿದರೆ, "ಅದು ನಾನೇ ರೀ, ಮಾರಾಕಿಲ್ಲ" ಎಂದು ನಗುತ್ತಿದ್ದರು.

ನನಗೆ ನಗು ಬರುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಹಾಜರಿ ಕರೆಯುವಾಗ ಹಿಂದಿನ ಬೆಂಚಿನಿಂದ ಯಾರಾದರೂ "ಎಣ್ಣೆಗಾಯಿ" ಅನ್ನುತ್ತಿದ್ದರು. ಹೆಚ್ಚು ಅಂಕ ತೆಗೆದ ವರ್ಷ ಮೇಷ್ಟ್ರೇ ನನ್ನನ್ನು 'ಪುಸ್ತಕದ ಬದನೇಕಾಯಿ' ಅಂದರು. ಬದುಕಿಗೆ ಉಪಯೋಗವಿಲ್ಲದ ಓದಿಗೆ ಹಾಗನ್ನುತ್ತಾರೆ. ಮನೆಗೆ ಬಂದು ಅತ್ತುಬಿಟ್ಟೆ. ಅಪ್ಪ, "ಅನ್ನಲಿ ಬಿಡು ಮಗಾ, ತಿನ್ನುವಾಗ ಎಲ್ಲರೂ ಚಪ್ಪರಿಸಿಕೊಂಡೇ ತಿಂತಾರ" ಅಂದರು.

ಸೊರಬದ ಕಡೆಯ ಹೈಸ್ಕೂಲೊಂದಕ್ಕೆ ಟೀಚರಾಗಿ ಸೇರುವ ಮೊದಲೇ ನಾನು ಅಫಿಡವಿಟ್ ಮಾಡಿಸಿ ಅಡ್ಡಹೆಸರು ತೆಗೆಸಿದೆ. ಅಪ್ಪನಿಗೆ ಹೇಳಲಿಲ್ಲ.

ಎರಡನೆಯ ವರ್ಷ ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟ ಮಾಡುತ್ತಿದ್ದೆವು. ವರಾಂಡದಿಂದ ಪರಿಚಿತ ದನಿ ಕೇಳಿಸಿತು. "ಬದನೇಕಾಯಿ ಟೀಚರ್ ಅದಾರೇನ್ರೀ?"

ಅಪ್ಪ ಹೇಳದೆ ಕೇಳದೆ ಬಂದಿದ್ದರು.

"ಎಂಥ ಬದನೇಕಾಯಿ ಮಾರಾಯ್ರೇ! ಆ ಹೆಸರಿನವ್ರು ಇಲ್ಲಿ ಯಾರೂ ಇಲ್ಲ" ಎಂದು ಪ್ಯೂನ್ ನಕ್ಕ. ಒಳಗೆ ಕೂತಿದ್ದ ಗಣಿತದ ಮೇಷ್ಟ್ರು, "ನಾಳೆ ನುಗ್ಗೇಕಾಯಿ ಟೀಚರನ್ನ ಹುಡ್ಕೊಂಡು ಬರ್ತಾರೆ ನೋಡಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿಯೇ.

ಹೊರಗೆ ಮತ್ತೆ ಮಾತು ಕೇಳಿಸಲಿಲ್ಲ. ನನ್ನ ಹೆಸರು ಹೇಳಿದ್ದರೆ ಪ್ಯೂನ್ ಕರೆದುಕೊಂಡು ಬರುತ್ತಿದ್ದ. ಅಪ್ಪ ಹೇಳಲಿಲ್ಲ. ಎದ್ದು ಕಿಟಕಿಯಲ್ಲಿ ನೋಡಿದೆ. ಅವರಾಗಲೇ ಗೇಟು ದಾಟುತ್ತಿದ್ದರು. ಓಡಿ ಹೋಗಬಹುದಿತ್ತು. ಕೈ ತೊಳೆದುಕೊಂಡು ಕ್ಲಾಸಿಗೆ ಹೋದೆ.

ಸಂಜೆ ಅಮ್ಮ ಫೋನಿನಲ್ಲಿ, "ನಿಮ್ಮಪ್ಪ ನಿನ್ನ ನೋಡಾಕ ಅಂತ ಹೊಂಟಿದ್ರು, ನಡುವೆ ಬಸ್ಸು ಕೆಟ್ಟು ವಾಪಸ್ ಬಂದ್ರು" ಅಂದಳು. ನಾನು ಹೂಂ ಅಂದೆ. ಅಪ್ಪ ಆ ದಿನದ ಮಾತು ಎಂದೂ ಎತ್ತಲಿಲ್ಲ. ಆದರೆ ಅಲ್ಲಿಂದಾಚೆಗೆ ನನ್ನನ್ನು 'ಮಗಾ' ಎಂದು ಕರೆಯಲಿಲ್ಲ. ಊರಿಗೆ ಹೋದರೆ, "ಯಾವಾಗ ಬಂದ್ರಿ ಟೀಚರ್?" ಎಂದು ಕೇಳುತ್ತಿದ್ದರು. ತಮಾಷೆಯೆಂದುಕೊಂಡು ಅಮ್ಮ ನಗುತ್ತಿದ್ದಳು.

ಹೋದ ವರ್ಷ ಅಪ್ಪ ತೀರಿಕೊಂಡರು. ವಾರಸಾ ಅರ್ಜಿಗೆ ಅಣ್ಣನೊಂದಿಗೆ ಕಚೇರಿಗೆ ಹೋದಾಗ ಗುಮಾಸ್ತರು ಕಾಗದ ತಿರುವಿ ಹಾಕಿ, "ಇವರೆಲ್ಲ ಬದನೇಕಾಯಿ, ನಿಮ್ಮ ಹೆಸರಿನಾಗ ಅದಿಲ್ಲಲ್ರೀ. ಮಗಳು ಅನ್ನಾಕ ಬೇರೆ ಏನೈತಿ?" ಎಂದು ಕೇಳಿದರು. ಅವರದೇನೂ ತಪ್ಪಿಲ್ಲ.

ನಾನು ತನ್ನ ತಂಗಿ ಹೌದೆಂದು ಅಣ್ಣ ಬರೆದು ಸಹಿ ಹಾಕಿದ. ಹೊರಗೆ ಬಂದ ಮೇಲೆ ಹೇಳಿದ: "ಬಸ್ಸು ಕೆಟ್ಟಿತ್ತು ಅಂದಿದ್ನಲ್ಲ, ಅಪ್ಪ ಅವತ್ತು ನಿಮ್ಮ ಶಾಲೆಗೆ ಬಂದಿದ್ದ. ನಿನ್ನ ನಗು ಕೇಳಿದ್ನಂತ."

"ಹೆಸರು ಮತ್ತೆ ಸೇರಿಸಿಕೊಳ್ಲೇನೋ?" ಅಂದೆ.

"ಈಗ ಯಾರಿಗೋಸ್ಕರ?" ಎಂದು ಬೈಕು ಹತ್ತಿ ಹೊರಟುಹೋದ.