ಅತ್ತೆಗೆ ಕಣ್ಣೀರು ಕೊಟ್ಟ ತಾಯಿ

ತಾಯಿ ಹುಲಿಗೆಮ್ಮನ ಮಕ್ಕಳೇ, ದೇವರ ಮುಂದೆ ನಗು ಬೇಡಿದವರನ್ನು ನೀವು ನೋಡಿರುತ್ತೀರಿ. ನಾನು ಅಳು ಬೇಡಿದವಳು. ಅದೂ ನನಗಲ್ಲ, ನಮ್ಮ ಅತ್ತೆಗೆ.

ಕೊರೊನಾದ ಎರಡನೇ ಬೇಸಿಗೆ. ಗಿಣಿಗೇರಾದ ಕಾರ್ಖಾನೆಗೆ ದುಡಿಯಲು ಹೋಗುತ್ತಿದ್ದ ನಮ್ಮ ಮನೆಯವರು ಉಸಿರು ಸಿಗದೆ ಕೊಪ್ಪಳದ ದವಾಖಾನೆ ಸೇರಿದರು. ತಿರುಗಿ ನಮ್ಮೂರು ತಳಕಲ್‌ಗೆ ಬರಲಿಲ್ಲ. ಸುದ್ದಿ ಫೋನಿನಲ್ಲಿ ಬಂತು, ಮಣ್ಣು ಅಲ್ಲೇ ಆಯಿತು. ನಮ್ಮಲ್ಲಿ ಮನೆಯವರೆಲ್ಲ ಒಂದೊಂದು ಹಿಡಿ ಮಣ್ಣು ಕೊಟ್ಟ ಮೇಲೆಯೇ ಸತ್ತವರು ಹೋದಂತೆ.

“ನಾ ಮಣ್ಣು ಕೊಟ್ಟಿಲ್ಲಂದ ಮ್ಯಾಲೆ ನನ್ನ ಮಗ ಹೆಂಗ ಹೋಗ್ತಾನ? ದವಾಖಾನ್ಯಾಗ ಅದಾನ” ಎಂದು ಅತ್ತೆ ಕುಳಿತುಬಿಟ್ಟರು. ಕಣ್ಣಲ್ಲಿ ಹನಿ ನೀರಿಲ್ಲ. ಹಿರಿಯರ ಹಬ್ಬಕ್ಕೆ ಮಗನ ಹೆಸರಿನ ಎಡೆ ಇಡಗೊಡಲಿಲ್ಲ. ನನ್ನ ಬಳೆ ತೆಗೆಸಲು ಬಂದ ಹೆಂಗಸರನ್ನು ಬೈದು ಅಟ್ಟಿದರು. ವರ್ಷಗಳು ಉರುಳಿದವು. ಅತ್ತೆಯ ಊಟ ಕಡಿಮೆಯಾಯಿತು, ನಿದ್ದೆ ಹೋಯಿತು. ಅವರೆದುರು ನಾನೂ ಅಳುವಂತಿರಲಿಲ್ಲ.

ಹೋದ ವರ್ಷ ಶ್ರಾವಣದ ಒಂದು ಮಂಗಳವಾರ ಅವರನ್ನು ಬಸ್ಸು ಹತ್ತಿಸಿ ಅಮ್ಮನ ಗುಡಿಯಿರುವ ಹುಲಿಗಿಗೆ ಕರೆದೊಯ್ದೆ. ಗಿಣಿಗೇರಾದಲ್ಲಿ ಬಸ್ಸು ನಿಂತಾಗ ಅತ್ತೆ ಇಳಿಯುವವರ ಮುಖವನ್ನೆಲ್ಲ ನೋಡಿದರು. ಅಮ್ಮನ ಮುಂದೆ ನಿಂತು ನಾನು ಬೇಡಿದ್ದು ಇಷ್ಟೇ: “ಯವ್ವಾ, ಈಕಿ ಒಮ್ಮೆ ಅಳಲಿ. ಇಲ್ಲಾಂದ್ರ ಈಕೀನೂ ನನಗ ಉಳಿಯಂಗಿಲ್ಲ.”

ಗುಡಿಯಿಂದ ಹೊರಬಂದದ್ದೇ ಅತ್ತೆ ನನ್ನನ್ನು ಬಳೆ ಅಂಗಡಿಗೆ ಎಳೆದರು. ವಯಸ್ಸಾದ ಮುಸಲ್ಮಾನ ಬಳೆಗಾರ ನನ್ನ ಕೈ ಹಿಡಿದು ಬಳೆ ಏರಿಸತೊಡಗಿದರು.

“ಹಗೂರ ಸಾಹೇಬ್ರ, ರೊಟ್ಟಿ ಬಡಿಯೋ ಕೈ ಐತಿ. ಬಳಿ ಒಡೀತಂದ್ರ ನಾ ಬಿಡಾಂಗಿಲ್ಲ” ಎಂದರು ಅತ್ತೆ.

“ಒಡದ್ರ ನನ್ನ ಬಳಿ ಬಿಡ್ರಿ, ಸೊಸಿ ಕೈ ಅಲ್ಲಲ್ಲ! ಮಗ ಬಂದಿಲ್ಲೇನ್ರಿ?”

“ಕೊರೊನಾದಾಗ ಕೊಪ್ಪಳದ ದವಾಖಾನಿಗೆ ಹೋಗ್ಯಾನ. ಇನ್ನೂ ಬಿಟ್ಟಿಲ್ಲ.”

ಬಳೆಗಾರರ ಕೈ ನಿಂತಿತು. ನನ್ನ ಮುಖ ನೋಡಿದರು, ನಾನು ತಲೆ ತಗ್ಗಿಸಿದೆ.

“ಯವ್ವಾ,” ಎಂದರು ಮೆಲ್ಲಗೆ, “ಆವಾಗ ಕೊಪ್ಪಳದಾಗ ಮಣ್ಣು ಮಾಡಾಕ ನಿಂತವರಾಗ ನಾನೂ ಒಬ್ಬ. ನಿಮ್ಮ ಮಗ ಅವರಾಗ ಇದ್ದನೋ ಇಲ್ಲೋ ಗೊತ್ತಿಲ್ರಿ, ಮುಖ ನಮಗೂ ಕಾಣ್ತಿದ್ದಿಲ್ಲ. ಆದ್ರ ಯಾರನ್ನೂ ಹಂಗ ಬಿಟ್ಟಿಲ್ಲ. ನಮ್ಮ ಪದ್ಧತಿಯಂಗ ಮೂರು ಹಿಡಿ ಮಣ್ಣು ಕೊಟ್ಟು, ‘ಇದು ನಿಮ್ಮವ್ವಂದು’ ಅಂತ ಮತ್ತೊಂದು ಹಿಡಿ ಕೊಡ್ತಿದ್ವಿ. ಅವ್ವ ಇಲ್ದ ಯಾರು ಹುಟ್ಯಾರ್ರಿ?”

ಅತ್ತೆ, “ಯಾವ ಕೈಲೆ ಕೊಟ್ಟಿ?” ಎಂದರು.

ಅವರು ಬಲಗೈ ಚಾಚಿದರು. ಅತ್ತೆ ಆ ಅಂಗೈಯನ್ನು ಸವರಿ, ಎರಡೂ ಕಣ್ಣಿಗೆ ಒತ್ತಿಕೊಂಡರು. “ನನ್ನ ಪಾಲಿಂದು ನೀ ಕೊಟ್ಟಿಯಲ್ಲೋ ಯಪ್ಪಾ... ಹೋದನಲ್ಲೋ ನನ್ನ ಮಗ!”

ಅಷ್ಟು ವರ್ಷದ ಅಳು ಅಂದು ಬಂತು. ನನ್ನದೂ ಅದರ ಜೊತೆ ಹರಿಯಿತು. ಬಳೆಗಾರರು ಕೈ ಹಿಂದಕ್ಕೆ ಎಳೆಯಲಿಲ್ಲ.

ಮಗ ಹೋದನೆಂದು ಅತ್ತೆಯೇ ಅಂದ ಮೇಲೆ ಇನ್ನು ಬಳೆ ಯಾತಕ್ಕೆ ಎಂದು ನಾನು ತೆಗೆಯಹೋದೆ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಗದರಿದರು: “ಇರಲಿ ಬಿಡ. ಅವ ಹ್ವಾದ, ನೀ ಅದಿ ಅಲ್ಲ? ಹಾಕ್ರಿ ಸಾಹೇಬ್ರ, ಇನ್ನೊಂದು ಕೈ ಉಳದೈತಿ.”

ಆ ವರ್ಷ ಹಿರಿಯರ ಹಬ್ಬಕ್ಕೆ ಅತ್ತೆ ತಾವೇ ಎಡೆ ಇಟ್ಟರು. ಅದರ ಮುಂದೆ ಇಬ್ಬರೂ ಅತ್ತು, ಆಮೇಲೆ ಹೊಟ್ಟೆ ತುಂಬ ಉಂಡೆವು. ಕೈ ಚಾಚಿದವರು ಬಳೆಗಾರರು, ಚಾಚಿಸಿದವಳು ತಾಯಿ ಹುಲಿಗೆಮ್ಮ. ಇದು ನನ್ನ ನಂಬಿಕೆ. ಹಸಿರು ಬಳೆಯ ಈ ಕೈಯೆತ್ತಿ ಇಬ್ಬರಿಗೂ ಮುಗಿಯುತ್ತೇನೆ.